ಬೆಟ್ಟ ಹಿಡಿದು ನಿಲ್ಲಿಸುವ ದೆಲ್ಫೀನಾ

ಅದ್ದಾ ಕಣಿವೆಯಲ್ಲಿ ಬೆಳಗಿನ ಬಿಸಿಲು ಮೊದಲು ಎದುರಿನ ಹಿಮಶಿಖರಕ್ಕೆ ಬೀಳುತ್ತದೆ. ಬೆಟ್ಟದ ಮೇಲಿನ ನಮ್ಮೂರು ಪ್ರಾದೆಲ್ಲಿಗೆ ಅದು ಇಳಿದು ಬರುವ ಮೊದಲೇ ಮೇಲಿನ ದ್ರಾಕ್ಷಿ ತೋಟದಿಂದ ಟಕ್, ಟಕ್ ಎಂಬ ಸದ್ದು ಕೇಳುತ್ತದೆ. ದೆಲ್ಫೀನಾ ಮೊಲ್ತೋನಿ ಮಂಡಿಯೂರಿ ಕುಳಿತಿದ್ದಾರೆ. ಕುಂಬಳಕಾಯಿ ಗಾತ್ರದ ಕಲ್ಲೊಂದನ್ನು ತಿರುಗಿಸಿ, ಗೋಡೆಯ ಬಿರುಕಿಗೆ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಊಹೂಂ. ಹೊರತೆಗೆದು ಮತ್ತೆ ತಿರುಗಿಸುತ್ತಾರೆ.

"ಟೊಳ್ಳು ಸದ್ದು ಬಂದ್ರೆ ಇನ್ನೂ ಕೂತಿಲ್ಲ ಅಂತ ಅರ್ಥ. ಮುನಿಸ್ಕೊಂಡ ಅತ್ತಿಗೆ ಥರ ಇದು. ಬಲವಂತ ಮಾಡಿದ್ರೆ ಎದ್ದು ಹೋಗತ್ತೆ," ಎಂದು ನಗುತ್ತಾರೆ ಅರವತ್ತು ದಾಟಿದ ಈ ಹೆಂಗಸು.

ನಮ್ಮೂರು ನಿಂತಿರುವುದೇ ಇಂಥ ಗೋಡೆಗಳ ಮೇಲೆ. ಕಡಿದಾದ ಬೆಟ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗೋಡೆಗಳು. ಒಂದೊಂದರ ಹಿಂದೆಯೂ ಒಂದಿಷ್ಟು ಮಣ್ಣು, ಒಂದು ಸಾಲು ಬಳ್ಳಿ. ಗಾರೆಯಿಲ್ಲ, ಸಿಮೆಂಟಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರು ಕಲ್ಲುಗಳನ್ನು ಹೊರಗೆ ನೂಕುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಅದನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸ ದೆಲ್ಫೀನಾರ ಅಪ್ಪ ಬತ್ತಿಸ್ತಾ ಅವರದ್ದಾಗಿತ್ತು. ಅವರು ತೀರಿಕೊಂಡ ವರ್ಷ ಮಗಳು ಸುತ್ತಿಗೆ ಹಿಡಿದಾಗ ಗಂಡಸರು ನಕ್ಕರು. ದೊಡ್ಡ ತೋಟದ ಒತ್ತಾವಿಯೊ ಅಂಗಡಿಕಟ್ಟೆಯಲ್ಲಿ ಲೋಟ ಎತ್ತಿ ಹೇಳಿದ್ದರು: "ಹೆಂಗಸು ಕಟ್ಟಿದ ಗೋಡೆ ಕೋಳಿ ಹಾರಿ ಕೂತ್ರೂ ಬೀಳತ್ತೆ!" ತಮ್ಮ ಗೋಡೆಗಳಿಗೆ ಅವರು ಆಕೆಯ ಕೈ ತಾಕಿಸಲಿಲ್ಲ. ಹೊಟ್ಟೆ ಬಿಟ್ಟಲ್ಲೆಲ್ಲ ಮರದ ಊರುಗೋಲು ಕೊಟ್ಟು ವರ್ಷಗಳನ್ನು ತಳ್ಳಿದರು.

ಕೆಲವು ವರ್ಷಗಳ ಹಿಂದೆ, ದ್ರಾಕ್ಷಿ ಕೊಯ್ಲಿನ ವಾರ, ಜಡಿಮಳೆ ಬಿಟ್ಟ ಬೆಳಿಗ್ಗೆ, ಒತ್ತಾವಿಯೊ ಬುಟ್ಟಿ ಹಿಡಿದು ತೋಟಕ್ಕೆ ಹೋದರು. ಊರುಗೋಲು ಜಾರಿತು. ಗೋಡೆ ಅವರ ಎದೆಯವರೆಗೂ ಸುರಿಯಿತು. ಅದರ ಮೇಲಿನ ಗೋಡೆ ಅರ್ಧ ಕುಸಿದು ಅವರ ತಲೆಯ ಮೇಲೆಯೇ ತೂಗುತ್ತಿತ್ತು. ಕಣಿವೆಯಿಂದ ಬಂದ ಅಗ್ನಿಶಾಮಕದವರ ಯಂತ್ರ ಆ ಕಿರುದಾರಿಯಲ್ಲಿ ಹತ್ತಲಿಲ್ಲ. ಅವರ ನಾಯಕ ಕೇಳಿದ: "ಯಾವ ಕಲ್ಲು ಯಾವುದನ್ನ ಹಿಡ್ಕೊಂಡಿದೆ ಅಂತ ಹೇಳೋರು ಇಲ್ಲಿ ಯಾರಾದ್ರೂ ಇದಾರಾ?"

ನಾವೆಲ್ಲರೂ ದೆಲ್ಫೀನಾರತ್ತ ತಿರುಗಿದೆವು.

ಆಕೆ ಒಂದೊಂದು ಕಲ್ಲಿಗೂ ಅಂಗೈ ಒತ್ತಿ ನೋಡಿದರು. ಒಂದನ್ನು ಎಳೆಯುವ ಮೊದಲು ಪಕ್ಕದಲ್ಲಿ ಆಸರೆಗೆ ಕಲ್ಲಿನ ಚಕ್ಕೆ ಸಿಕ್ಕಿಸಿದರು. ತೆಗೆದ ಕಲ್ಲು ಪಾದ್ರಿಗಳ ಕೈಗೆ, ಅಲ್ಲಿಂದ ರೊಟ್ಟಿ ಸುಡುವವನ ಕೈಗೆ, ಅಲ್ಲಿಂದ ನನ್ನ ಕೈಗೆ. ಊರಿಗೆ ಊರೇ ಸಾಲುಗಟ್ಟಿ ನಿಂತಿತ್ತು. ಮೇಲಿನಿಂದ ಒಂದು ಹಿಡಿ ಮಣ್ಣು ಉದುರಿದರೂ ನಮ್ಮ ಕೈಗಳು ನಿಲ್ಲುತ್ತಿದ್ದವು. ಆಕೆಯ ಕೈ ಮಾತ್ರ ನಿಲ್ಲಲಿಲ್ಲ.

"ದೆಲ್ಫೀನಾ, ನೀನು ಹೋಗ್ಬಿಡು. ಇಬ್ರೂ ಸಾಯೋದು ಬೇಡ," ಎಂದು ಒತ್ತಾವಿಯೊ ನರಳಿದರು.

"ಸುಮ್ನಿರು ಮಾರಾಯ. ಕೋಳಿ ಬಂದು ಕೂರೋದ್ರೊಳಗೆ ನಿನ್ನ ಎಳ್ಕೋತೀನಿ."

ಕಲ್ಲಿನಡಿ ಸಿಕ್ಕ ಮನುಷ್ಯ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ. ಹೊತ್ತು ಇಳಿಯುವ ಮುನ್ನ ಅವರನ್ನು ಹೊರಗೆಳೆದರು. ನಾವು ಮೆಟ್ಟಿಲಿಳಿದು ಮುಗಿಸುವಷ್ಟರಲ್ಲಿ ಮೇಲಿನ ಗೋಡೆ ಗುಡುಗಿನಂತೆ ಕುಸಿಯಿತು. ತಿರುಗಿ ನೋಡಿದೆವು. ಆಕೆ ಮಂಡಿಯೂರಿದ್ದ ಜಾಗವೇ ಅಲ್ಲಿರಲಿಲ್ಲ.

ಈಗ ಒತ್ತಾವಿಯೊ ಅವರ ಒಂದು ಕಾಲಿಗೆ ಬಲವಿಲ್ಲ. ದಿನಾ ಬಂದು ದೆಲ್ಫೀನಾರ ಪಕ್ಕ ಕುಳಿತು, ಗೋಡೆಯ ಒಳಗೆ ತುಂಬುವ ಜಲ್ಲಿ ಒಡೆದುಕೊಡುತ್ತಾರೆ. "ದಪ್ಪ ಒಡೆದ್ರೆ ಬೈತಾಳೆ. ಬೈಸ್ಕೊಳ್ಳೋಕೆ ಬದುಕಿದೀನಲ್ಲ, ಸಾಕು," ಎನ್ನುತ್ತಾರೆ.

ಆಕೆಯ ಹೆಸರು ಕೆತ್ತಿಸಿ ಕಲ್ಲು ನೆಡಬೇಕೆಂದು ಊರಿನ ಆಡಳಿತ ಹೊರಟಿದೆ. ದೆಲ್ಫೀನಾ ಮುಖ ಗಂಟಿಕ್ಕುತ್ತಾರೆ. "ಒಳ್ಳೇ ಕಲ್ಲನ್ನ ಯಾರಾದ್ರೂ ಕೆತ್ತಿ ಹಾಳ್ಮಾಡ್ತಾರಾ? ಇಲ್ಲಿ ಕೊಡಿ, ಕೆಲಸಕ್ಕೆ ಬರತ್ತೆ."

ಮತ್ತೇನು ಬೇಕು ಎಂದು ಕೇಳುತ್ತೇನೆ. ಬೆಟ್ಟದುದ್ದಕ್ಕೂ ಹಬ್ಬಿದ ಗೋಡೆಯನ್ನು ಒಂದು ಗಳಿಗೆ ನೋಡುತ್ತಾರೆ.

"ನಮ್ಮಪ್ಪ ಕಟ್ಟಿದ್ದು ಎಲ್ಲಿ ಮುಗೀತು, ನಂದು ಎಲ್ಲಿ ಶುರುವಾಯ್ತು ಅಂತ ಈಗ ನಂಗೇ ಗೊತ್ತಾಗಲ್ಲ. ಇನ್ನೇನ್ ಬೇಕು ಹೇಳಿ?"