ಅಜ್ಜ ಅಂಟಿಸಿದ ಹಲ್ಲು

ಶ್ರೇಯಾ, ರಿತೇಶ್, ಬೆಳಿಗ್ಗೆ ಶಾಲೆಯ ಪ್ರಾಜೆಕ್ಟಿಗೆಂದು ನೀವು ಗಮ್ಮಿನ ಟ್ಯೂಬು ತೆರೆದಿರಲ್ಲ, ಆ ವಾಸನೆಗೆ ನನಗೆ ನಗು ಬಂತು. "ಎಂತ ಅಜ್ಜಿ?" ಎಂದು ಕೇಳಿದಿರಿ. ಎದುರೆದುರು ಹೇಳಲು ನಾಚಿಕೆ. ಅದಕ್ಕೆ ಬರೆಯುತ್ತೇನೆ, ಹಳ್ಳಿ ಶಾಲೆಯ ಕನ್ನಡ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಅಜ್ಜ ಯಾವ ವಸ್ತುವನ್ನೂ ನೆಮ್ಮದಿಯಾಗಿ ಸಾಯಲು ಬಿಟ್ಟವರಲ್ಲ. ಕೊಡೆಯ ಕಡ್ಡಿಗೆ ತಂತಿ, ಹವಾಯಿ ಚಪ್ಪಲಿಗೆ ಪಿನ್ನು, ತೂತಾದ ಬಕೆಟಿಗೆ ಇನ್ನೊಂದು ಬಕೆಟಿನ ತುಂಡು ಕರಗಿಸಿ ಮೆತ್ತಿದ ತೇಪೆ. ಉರ್ವ ಮಾರ್ಕೆಟಿನಲ್ಲಿ ಹೊಸದು ಸಿಗುತ್ತದೆ ಎಂದರೆ, "ಹೊಸದು ಹಾಳಾಗುದಿಲ್ವಾ?" ಎಂದು ನನ್ನನ್ನೇ ಕೇಳುವರು.

ನಿಮ್ಮ ಅಮ್ಮನನ್ನು ನೋಡಲು ಬಜಪೆಯಿಂದ ಜನ ಬರುವ ದಿನವೇ ಅಜ್ಜನ ಹಲ್ಲಿನ ಸೆಟ್ಟು ಬಚ್ಚಲಲ್ಲಿ ಬಿದ್ದು ಎರಡು ತುಂಡಾಯಿತು. ಡಾಕ್ಟರ ಹತ್ತಿರ ಹೋಗಿ ಎಂದೆ.

"ಎಂತಕ್ಕೆ? ಗಮ್ ಉಂಟಲ್ಲ."

ಚಪ್ಪಲಿಯ ಗಮ್. ಅಂಟಿಸಿ, ಒಣಗಿಸಿ, ಬಾಯಿಗಿಟ್ಟು ಕನ್ನಡಿಯೆದುರು ನಕ್ಕರು. ಚೆನ್ನಾಗಿಯೇ ಕಂಡಿತು.

ಹುಡುಗ, ಅಂದರೆ ನಿಮ್ಮ ಅಪ್ಪ, ಆಗ ದುಬೈಯಲ್ಲಿ. ತಂದೆ ತಾಯಿ ಮಾತ್ರ ಬಂದಿದ್ದರು. ಮೊದಲೇ ಕಳಿಸಿದ್ದ ಫೋಟೋವನ್ನು ನಿಮ್ಮ ಅಮ್ಮ ಧೂಳು ಒರೆಸುವ ನೆಪದಲ್ಲಿ ನೋಡಿ ನೋಡಿ ಇಟ್ಟಿದ್ದಳು. ಅಜ್ಜ "ಬನ್ನಿ" ಎನ್ನಲು ಬಾಯಿ ತೆರೆದರು. ಟಕ್ ಎಂದಿತು. ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಏನು ಕೇಳಿದರೂ ಗಂಭೀರವಾಗಿ ಫ್ಯಾನು ನೋಡುತ್ತಾರೆ.

ಹುಡುಗನ ತಾಯಿ ಗಂಡನತ್ತ ತಿರುಗಿ, "ಏಳಿ. ಇವರಿಗೆ ಈ ಸಂಬಂಧ ಬೇಡ ಅಂತ ಕಾಣ್ತದೆ" ಎಂದರು.

ಬಾಗಿಲ ಸಂದಿಯಲ್ಲಿದ್ದ ನಿಮ್ಮ ಅಮ್ಮನ ಮುಖ ಬಾಡಿತು.

ಪರ ಗಂಡಸರೆದುರು ನಾನು ಅದುವರೆಗೆ ಬಾಯಿ ತೆರೆದವಳಲ್ಲ. ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಕೂತ್ಕೊಳ್ಳಿ. ಅವರಿಗೆ ಕೋಪ ಅಲ್ಲ. ಹಲ್ಲಿಗೆ ಚಪ್ಪಲಿ ಗಮ್ ಹಾಕಿದ್ದಾರೆ. ಅದೀಗ ಬಿಟ್ಟಿದೆ."

ಹುಡುಗನ ತಂದೆ ಮುಂದಕ್ಕೆ ಬಾಗಿದರು. "ಯಾವ ಗಮ್ ಮಾರಾಯ್ರೆ? ಒತ್ತಿ ಹಿಡಿದಿರಾ, ಸುಮ್ಮನೆ ಇಟ್ಟಿರಾ?"

ಅಜ್ಜ ಹಲ್ಲು ತೆಗೆದು ಅವರ ಅಂಗೈಗೇ ಕೊಟ್ಟರು. ಬೆಳಕಿನಲ್ಲಿ ನೋಡಬೇಕೆಂದು ಇಬ್ಬರೂ ಜಗಲಿಗೆ ಹೋದರು. ಒಳಗೆ ನಾವು ಹೆಂಗಸರು ಮದುವೆ ನಿಶ್ಚಯಿಸಿದೆವು.

ಅಜ್ಜ ಹೋದ ಮೇಲೆ ಈ ಮನೆಯಲ್ಲಿ ಏನು ಹಾಳಾದರೂ ಸೀದಾ ಕಸದ ಬುಟ್ಟಿಗೆ. ಮನೆ ಚೊಕ್ಕವಾಗಿದೆ, ನಗಲು ಮಾತ್ರ ಏನೂ ಉಳಿದಿಲ್ಲ.

ನಿಮ್ಮ ಅಪ್ಪನಿಗೆ ಇದನ್ನು ಯಾರೂ ಹೇಳಿಲ್ಲ. ಫೋಟೋದಲ್ಲಿದ್ದ ಮೀಸೆಗೇ ನಾವು ಮರುಳಾದೆವೆಂದು ನಂಬಿ ಅವರು ಇಂದಿಗೂ ಅದಕ್ಕೆ ಬಣ್ಣ ಹಚ್ಚುತ್ತಾರೆ. ಆದ್ದರಿಂದ ಈ ಹಾಳೆಗಳನ್ನು ನನ್ನ ಸೀರೆಗಳ ಅಡಿಯಲ್ಲಿಡಿ. ಬಣ್ಣ ಹಚ್ಚುವುದನ್ನು ಬಿಟ್ಟ ದಿನ ಅವರಿಗೆ ತೋರಿಸಿ, ಅಲ್ಲಿಯವರೆಗೆ ಜೋಪಾನ.