ಗೌಡರು ತಂದ ಅಂಟು

ಕಮಲಾಪುರದ ಗುರುಲಿಂಗಪ್ಪ ಗೌಡರ ಬಾಳೆ ತೋಟಕ್ಕೆ ದೌಲಪ್ಪ ಕಾವಲುಗಾರ. ಮದುವೆಯಾದಾಗಿನಿಂದ ಹೆಂಡತಿ ಭಾಗಮ್ಮನೊಂದಿಗೆ ತೋಟದ ಮೂಲೆಯ ಗುಡಿಸಲಿನಲ್ಲೇ ಇದ್ದ. ನಿಜಾಮ ಸರಕಾರದಲ್ಲಿ ಬಂದೂಕಿಗೆ ಪರವಾನಗಿ ಬೇಕು. ದೌಲಪ್ಪನಂಥವನಿಗೆ ಅದನ್ನು ಯಾರು ಕೊಡುತ್ತಾರೆ? ಅಪ್ಪನಿಂದ ಬಂದ ಬಿಲ್ಲೇ ಅವನಿಗೆ ಸಾಕಾಗಿತ್ತು.

ಆ ವರ್ಷ ಒಂದು ಒಂಟಿ ಹಂದಿ ಕೆಂಪು ಬಾಳೆಯ ಗಡ್ಡೆಯ ರುಚಿ ಹತ್ತಿಸಿಕೊಂಡಿತು. ಬುಡ ಅಗೆದು ಉರುಳಿಸಿದ ಗಿಡಗಳನ್ನು ನೋಡಿ ಗೌಡರು ಕೆಂಡವಾದರು.

“ಇನ್ನ ಒಂದ ಗಿಡ ಹ್ವಾದ್ರ ಕಲಬುರಗಿಯಿಂದ ಮಲಂಗಸಾಬನ್ನ ಕರಸ್ತೀನಿ. ಅವನ ಹಂತ್ಯಾಕ ಬಂದೂಕ ಅದ. ಗುಡಿಸಲಾನೂ ಅವನಿಗೇ ಬಿಟ್ಟುಕೊಡಬೇಕಾಗ್ತದ, ನೋಡು.”

ಬೈದು ಸುಮ್ಮನಾಗಲಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದಿಂದ ಬಡಿಗರು ಬಳಸುವ ಅಂಟಿನ ತುಂಡೊಂದನ್ನು ತಂದುಕೊಟ್ಟರು. ದೌಲಪ್ಪ ಬಾಣದ ಗರಿಗಳನ್ನು ಅರಗು ಕಾಯಿಸಿ ಅಂಟಿಸುವವನು. ಎಲ್ಲೆಂದರಲ್ಲಿ ಮೆತ್ತಿಕೊಳ್ಳುವ ಆ ಕಪ್ಪು ಅರಗು ಗೌಡರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. “ಇದನ್ನ ಹಚ್ಚು, ಬಾಣ ಹೆಂಗ ಹೊಳಿತಾವ ನೋಡು” ಎಂದರು. ದೌಲಪ್ಪ ಹಚ್ಚಿದ. ಹೊಳೆದದ್ದೂ ನಿಜ.

ಒಂದು ದಿನ ಬೆಳಕು ಹರಿಯುವಾಗ ಹಂದಿಯ ಸದ್ದಾಯಿತು. ಇಬ್ಬನಿ ಸುರಿಸುವ ಎಲೆಗಳ ನಡುವೆ ನುಸುಳಿ ಹೋಗಿ ಬಾಣ ಹೂಡಿದರೆ ಗರಿ ಬೆರಳಿಗೇ ಅಂಟಿಕೊಂಡು ಬಂತು. ಇನ್ನೊಂದು ತೆಗೆದ, ಅದರದೂ ಅದೇ ಗತಿ. ಬತ್ತಳಿಕೆಯಲ್ಲಿದ್ದ ಬಾಣಗಳೆಲ್ಲ ಬೋಳಾಗಿದ್ದವು. ದೌಲಪ್ಪನ ಬೈಗುಳ ಕೇಳಿಯೇ ಹಂದಿ ಓಡಿಹೋಯಿತು. ಸಂಜೆಗೆ ಮತ್ತೆ ಬರುವುದಂತೂ ಖಂಡಿತ.

ರೊಟ್ಟಿ ತಂದ ಭಾಗಮ್ಮ ನಿಂತು ನೋಡಿದಳು. “ಏನ್ರೀ, ಹಂದಿ ಹೊಡಿಯಾಕ ಹೋಗಿ ಕೋಳಿ ಪುಕ್ಕ ಕಿತ್ತವ್ರಂಗ ಕುಂತೀರಲ್ಲ?”

“ನಗಬ್ಯಾಡ. ನೀರ ತಾಗಿದ್ರ ಕರಗೂ ಅಂಟ ಇದು! ಇಬ್ಬನ್ಯಾಗ ತಿರಗಾಂವಗ ಇದನ್ನ ಕೊಡ್ತಾರ?”

“ಗೌಡ್ರಿಗಿ ಹೇಳ್ರಿ ಮತ್ತ.”

“ನೀನ ಹೋಗಿ ಹೇಳು.”

“ಅರಗ ಇಲ್ಲೇನ್ರಿ?”

“ಮಹಾಗಾಂವಿಗಿ ಹೋಗಬೇಕು. ನಾ ಹೋಗಿ ಬರೂದ್ರಾಗ ಆ ಹಂದಿ ತ್ವಾಟಾನ ಮುಗಸ್ತದ.”

ಕೈಗೆ ಸಿಕ್ಕಿದ್ದು ಬಾಳೆಯೇ. ಹಸಿ ಪಟ್ಟೆಯಿಂದ ನಾರು ಎಳೆದು, ಗರಿಯ ಎಳೆಗಳನ್ನು ಅಲ್ಲಲ್ಲಿ ಬಿಡಿಸಿ, ನಡುವೆ ನಾರು ಸುತ್ತಿ ಸುತ್ತಿ ಗರಿಗಳನ್ನು ಬಾಣಕ್ಕೆ ಬಿಗಿದ. ಬಿಸಿಲೇರುತ್ತಿದ್ದಂತೆ ನಾರು ಒಣಗಿ ಸಡಿಲಾಯಿತು, ಗರಿಗಳು ಮತ್ತೆ ಜೋತುಬಿದ್ದವು. ದೌಲಪ್ಪ ಬಾಣವನ್ನು ನೆಲಕ್ಕೆ ಅಪ್ಪಳಿಸಿದ. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದ.

ಈ ಸಲ ಗಿಡದಲ್ಲೇ ಒಣಗಿದ ಪಟ್ಟೆ ಸೀಳಿ, ನಾರನ್ನು ಬಾಯಲ್ಲಿ ಮೆದುಮಾಡಿ ಸುತ್ತಿದ. ಒಂದು ಬಾಣ ಬಿಟ್ಟು ನೋಡಿದರೆ ಅಡ್ಡಾದಿಡ್ಡಿ ಓಲಾಡುತ್ತ ಬದುವಿಗೆ ಬಡಿಯಿತು. ನೋಡಿದರೆ, ಅವಸರದಲ್ಲಿ ಎಡರೆಕ್ಕೆಯ ಗರಿಗಳ ಜೊತೆ ಬಲರೆಕ್ಕೆಯದೊಂದನ್ನು ಸೇರಿಸಿಬಿಟ್ಟಿದ್ದ. ಒಂದೇ ಕಡೆಯ ರೆಕ್ಕೆಯವಾಗಿದ್ದರೆ ಮಾತ್ರ ಬಾಣ ನೆಟ್ಟಗೆ ಹೋಗುತ್ತದೆ. ಚಿಕ್ಕಂದಿನಿಂದ ಗೊತ್ತಿದ್ದ ಮಾತು! ತನ್ನನ್ನೇ ಬೈದುಕೊಂಡು ಮತ್ತೆ ಬಿಚ್ಚಿದ. ಹೊತ್ತು ಇಳಿಯುವಷ್ಟರಲ್ಲಿ ನಂಬಿ ಬಿಡಬಹುದಾದ ಬಾಣ ಒಂದೇ ಒಂದು ಆಗಿತ್ತು.

ಹಂದಿ ಬಂತು. ದೌಲಪ್ಪ ಉಸಿರು ಬಿಗಿಹಿಡಿದು, ಅದು ಮುಸುಡಿಯನ್ನು ಬುಡಕ್ಕೆ ತೂರಿಸುವವರೆಗೂ ಕಾದು ಬಿಟ್ಟ. ಹಂದಿ ಕಾಲುವೆಯ ದಂಡೆಯವರೆಗೆ ಓಡಿ ಬಿತ್ತು.

ಬೆಳಿಗ್ಗೆ ಗೌಡರು ಬಂದರು. ಹಂದಿ ನೋಡಿದರು, ಬಾಣ ಎತ್ತಿ ತಿರುಗಿಸಿ ನೋಡಿದರು. ಮುಖ ಅರಳಿತು.

“ನಾ ಹೇಳಿದ್ದಿಲ್ಲ? ಪ್ಯಾಟಿ ಅಂಟ ಅಂದ್ರ ಸುಮ್ಮನಲ್ಲ! ಆದ್ರ ಈ ನಾರ ಯಾಕ ಸುತ್ತೀಯೋ? ಅಂಟಿನ ಮ್ಯಾಲ ನಂಬಿಕಿ ಇಲ್ಲೇನು ನಿನಗ?”

ದೌಲಪ್ಪ ಬಾಯಿ ತೆರೆದ. ಗೌಡರ ಬೆನ್ನ ಹಿಂದೆ ಗುಡಿಸಲ ಬಾಗಿಲಲ್ಲಿ ಭಾಗಮ್ಮ ನಿಂತಿದ್ದಳು.

“ಅದ ರೀ, ಗೌಡ್ರ” ಎಂದ.

“ಹಂಗಾದ್ರ ಮಲಂಗಸಾಬ ಬ್ಯಾಡ ಬಿಡು. ನೀನ ಇರು. ಮುಂದಿನ ವಾರ ಇನ್ನೆರಡ ತುಂಡ ತರ್ತೀನಿ.”

ಗೌಡರು ಹೋದ ಮೇಲೆ ದೌಲಪ್ಪ ಉಳಿದ ಬಾಣಗಳನ್ನು ಮುಂದಿಟ್ಟುಕೊಂಡು ಕುಳಿತ. ಸಿಟ್ಟಿನಲ್ಲಿ ಎಷ್ಟು ಬಿಗಿಯಾಗಿ ಎಳೆದನೆಂದರೆ ನಾರು ಹರಿಯಿತು. ಇನ್ನೊಂದು ಸೀಳಿಕೊಂಡ.