ಒಲೆ ಆರಿಸುವ ದೇಶ

ಶ್ರೀಲಂಕೆಗೆ ಹೋಗುವವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: ಏಪ್ರಿಲ್ ತಿಂಗಳ ನಡುವೆ ಮಾತ್ರ ಹೋಗಬೇಡಿ. ಆಗ ಅವರಿಗೆ ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಹೋಟೆಲಿನ ಅಡುಗೆಯವರು ಊರಿಗೆ ಹೋಗಿರುತ್ತಾರೆ, ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನ್ನ ತಂಗಿ ಟ್ರಾವೆಲ್ ಆಫೀಸಿನಿಂದ ತಂದ ತೆಳ್ಳನೆಯ ಪುಸ್ತಿಕೆಯಲ್ಲೂ ಅದೇ ಇತ್ತು. ಅದರ ಕೆಳಗೆ ಇನ್ನೊಂದು ಸಂಗತಿ ಬರೆದಿದ್ದರು. ಹಳೆ ವರ್ಷ ಮುಗಿದು ಹೊಸದು ಕೂಡುವ ನಡುವಿನ ಕೆಲವು ತಾಸು ಆ ದೇಶದಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಕಸ ಗುಡಿಸುವುದಿಲ್ಲ, ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ.

ನಾನಾಗ ಮಲ್ಕಾಜ್‌ಗಿರಿಯ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮೊರ ಕೆಳಗಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದೆ.

"ಹೋದ್ರ ಆವಾಗ್ಲೇ ಹೋಗೂಣು," ಅಂದೆ.

"ಅಕ್ಕಾ, ಆವಾಗ ಬ್ಯಾಡ ಅಂತ ಬರದಾರ ಅಲ್ಲಿ."

"ಓದೀನಿ. ಅದಕ್ಕ ಹೇಳಾಕತ್ತೀನಿ."

ತಂಗಿ ಕುಷಾಯಿಗೂಡದಲ್ಲಿ ಒಬ್ಬಳೇ ಇರುತ್ತಾಳೆ, ನೌಕರಿ ಮಾಡುತ್ತಾಳೆ, ರಜೆ ಸಿಕ್ಕಾಗ ಯಾರನ್ನೂ ಕೇಳದೆ ಎಲ್ಲಾದರೂ ಹೊರಡುತ್ತಾಳೆ. ನನ್ನನ್ನೂ ಕರೆದುಕೊಂಡು ಹೋಗಬೇಕೆಂದು ಅವಳಿಗೆ ಬಹಳ ದಿನದ ಆಸೆ. ನಾನು ಪ್ರತಿ ಸಲ ಏನಾದರೂ ನೆಪ ಹೇಳುತ್ತಿದ್ದೆ. ನೆಪ ಬೇಡವೆನಿಸಿದ್ದು ಅವತ್ತೇ ಮೊದಲು. ಸಮುದ್ರ, ಬೆಟ್ಟ, ಆನೆ ಇವು ಎಲ್ಲಿಯಾದರೂ ಸಿಗುತ್ತವೆ. ಒಂದು ಇಡೀ ದೇಶದ ಹೆಂಗಸರು ಒಟ್ಟಿಗೆ ಒಲೆ ಆರಿಸಿ ಕೂರುವುದನ್ನು ಇನ್ನೆಲ್ಲಿ ನೋಡಲಿ?

ತೊಡಕು ಇದ್ದದ್ದು ಮಾವಿನಕಾಯಿಯಲ್ಲಿ. ನನ್ನ ಮೈದುನ ಪಟಾನ್‌ಚೆರುವಿನ ಫ್ಯಾಕ್ಟರಿಯಲ್ಲಿ ಇದ್ದಾನೆ. ಬೀದರ ಕಡೆಯ ನಮ್ಮ ಹೊಲದ ಗಿಡದಿಂದ ಉಪ್ಪಿನಕಾಯಿಗೆ ಕಾಯಿ ಇಳಿಸಿ ತರುವವನು ಅವನೇ. ತರುವುದೂ ಸರಿಯಾಗಿ ಆ ದಿನಗಳಲ್ಲೇ. ಬಜಾರಿನಲ್ಲಿ ಕತ್ತಿಯವನ ಹತ್ತಿರ ಹೋಳು ಮಾಡಿಸಿಕೊಂಡು ಚೀಲಗಟ್ಟಲೆ ತಂದು ನನ್ನ ಮುಂದೆ ಸುರಿಯುತ್ತಾನೆ. ಒಂದೊಂದು ಹೋಳನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಒಳಗಿನ ತೆಳು ಪೊರೆ ತೆಗೆದು, ಅವತ್ತೇ ಉಪ್ಪು ಬೆರೆಸಬೇಕು. ಸಾಸಿವೆ ಪುಡಿ, ಖಾರ, ಬಳ್ಳೊಳ್ಳಿ, ಎಣ್ಣೆ ಎಲ್ಲ ಆಮೇಲಿನದು. ನಮ್ಮ ಮನೆಗೆ, ಮೈದುನನ ಮನೆಗೆ, ನಾದಿನಿಯ ಮನೆಗೆ, ವರ್ಷಕ್ಕಾಗುವಷ್ಟು ನನ್ನ ಕೈಯಿಂದಲೇ ಆಗಬೇಕು.

"ಏಪ್ರಿಲ್‌ದಾಗ ಹೆಂಗ ಹೋಗ್ತಿ? ಕಾಯಿ ಬರೂ ಹೊತ್ತು," ಎಂದರು ಯಜಮಾನರು. ರೈಲ್ವೆಯಲ್ಲಿ ಕೆಲಸ ಮಾಡುವವರಿಗೆ ಪ್ರತಿಯೊಂದಕ್ಕೂ ಒಂದು ಹೊತ್ತು ಇರುತ್ತದೆ. "ಜೂನ್‌ದಾಗ ಹೋಗು. ಇಲ್ಲಾ ಅಡಿಗಿಯವರ್ನ ಜೋಡಿ ಕರ್ಕೊಂಡು ಹೋಗೂ ಟೂರ್ ಇರ್ತಾವ, ಅದರಾಗ ಹೋಗು. ಅನ್ನ ಸಾರು ಅಲ್ಲೇ ಸಿಗತೈತಿ."

"ಅನ್ನ ಸಾರು ಇಲ್ಲೇ ಐತಲ್ರಿ."

ಮೈದುನ ಫೋನಿನಲ್ಲಿ ಬೇರೆ ದಾರಿ ಹಿಡಿದ. "ವೈನಿ, ನಿಮ್ಮ ಕೈ ಬಿದ್ರ ಅದು ಉಪ್ಪಿನಕಾಯಿರಿ. ನಾವು ಮಾಡಿದ್ರ ಅದು ಪಂಚನಾಮಿ ಮಾಡೂ ಹೆಣ."

"ಕಾಯಿ ತಡಾ ಮಾಡಿ ಇಳಿಸು."

"ಗಿಡ ಯಾರ ಮಾತೂ ಕೇಳೂದಿಲ್ರಿ ವೈನಿ."

"ಈ ವರ್ಷ ನಾನೂ ಗಿಡ ಆಗೀನಿ ಅಂತ ತಿಳಕೋ."

ಅವನು ನಕ್ಕ. ನಾನು ನಗಲಿಲ್ಲ. ಬೈಗುಳಕ್ಕಾದರೆ ತಿರುಗಿ ಒಂದು ಮಾತು ಆಡಬಹುದು. 'ನಿಮ್ಮ ಕೈರುಚಿ ಯಾರಿಗೂ ಬರೂದಿಲ್ಲ' ಎಂಬ ಮಾತಿಗೆ ಏನು ಹೇಳುವುದು? ಕೇಳಲು ಹಿತವಾಗಿರುತ್ತದೆ, ಹಿತವಾಗಿರುವಾಗಲೇ ಸೆರಗಿಗೆ ಗಂಟು ಬಿದ್ದಿರುತ್ತದೆ. ಬೇಕಾದರೆ ನೀವೇ ಮಾಡಿ, ಹೇಳಿಕೊಡುತ್ತೇನೆ, ಬಂದು ಕೂತು ಕಲಿಯಿರಿ ಎಂದೆ. ಹೊರಡುವ ತನಕ ಹೇಳಿದೆ. ಕೂತು ಕೇಳಲು ಯಾರೂ ಬರಲಿಲ್ಲ. ಕೊನೆಗೆ ಇವಳು ಹೋಗುವುದಿಲ್ಲ ಎಂದೇ ಎಲ್ಲರ ಲೆಕ್ಕ.

ಅತ್ತೆಯವರು ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಮಂದಿ ಕಾಶಿಗೆ ಹೋಗ್ತಾರ. ಇಕಿ ಒಲಿ ಇಲ್ಲದ ಊರಿಗೆ ಹೊಂಟಾಳ. ಅಲ್ಲಿ ನೋಡಾಕ ಏನೈತಿ?"

"ಕೆಲಸ ಮಾಡದ ಮಂದೀನ್ನ ನೋಡಿ ಬರ್ತೀನ್ರಿ ಅತ್ತಿ."

"ಅದಕ್ಕ ವಿಮಾನ ಯಾಕ? ರಜಾ ದಿನ ನಿನ್ನ ಗಂಡ ಮಲಗಿರತಾನಲ್ಲ ಸೋಫಾ, ಆ ಕಡೆ ನೋಡು."

ಯಜಮಾನರು ಪೇಪರನ್ನು ಇನ್ನಷ್ಟು ಮೇಲೆತ್ತಿದರು.

ನಾನು ಹೋದೆ. ಅದನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಬರೆಯಲು ನನಗೆ ಖುಷಿ. ಡಬ್ಬಿಗಳಿಗೆ ಚೀಟಿ ಅಂಟಿಸಲಿಲ್ಲ, ಫ್ರಿಜ್ಜಿನಲ್ಲಿ ಸಾರು ತುಂಬಿಡಲಿಲ್ಲ.

ಹೋಗುವವರಿಗೆ ಕೆಲವು ಸಂಗತಿ ಹೇಳುತ್ತೇನೆ, ನಾನೇ ಕಂಡದ್ದು, ಕೇಳಿದ್ದು. ಅಲ್ಲಿ ಪ್ರತಿ ಹುಣ್ಣಿಮೆಗೂ ದೇಶಕ್ಕೆ ರಜೆ. ಅವತ್ತು ಹೆಂಡ, ಮಾಂಸ ಮಾರುವುದಿಲ್ಲ. ಬುದ್ಧನ ಮೂರ್ತಿಗೆ ಬೆನ್ನು ಕೊಟ್ಟು ನಿಂತು ಫೋಟೋ ತೆಗೆಸಿಕೊಳ್ಳಬೇಡಿ, ಅವರಿಗೆ ಬಹಳ ನೋವಾಗುತ್ತದೆ. ಬ್ರೆಡ್ಡು ಮಾರುವ ಆಟೋ ಒಂದೇ ರಾಗ ಹಾಡಿಕೊಂಡು ಓಣಿ ಓಣಿ ತಿರುಗುತ್ತದೆ. ಆ ರಾಗ ಕೇಳಿದರೆ ನಾಯಿಗಳೂ ಗೇಟಿಗೆ ಬರುತ್ತವೆ. ಅಂಗಡಿ ಬೋರ್ಡಿನ ಅಕ್ಷರಗಳು ಗುಂಡುಗುಂಡಾಗಿ, ನಮ್ಮ ಅಕ್ಷರದ ದಾಯಾದಿಗಳ ಹಾಗೆ ಕಾಣುತ್ತವೆ. ಇನ್ನೇನು ಓದಿಬಿಟ್ಟೆ ಅನ್ನಿಸುತ್ತದೆ, ಒಂದೂ ಓದಲು ಬರುವುದಿಲ್ಲ. ಎಳನೀರು ಕಿತ್ತಳೆ ಬಣ್ಣದ ಕಾಯಲ್ಲಿ ಬರುತ್ತದೆ. ಸೊಪ್ಪನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಹಸಿ ತೆಂಗಿನತುರಿ ಹಾಕಿ, ಬೆಂಕಿಯ ಮೇಲೆ ಸುಮ್ಮನೆ ತಿರುವಿ ಇಳಿಸುತ್ತಾರೆ. ಮೆಂತೆ ಸೊಪ್ಪಿನಲ್ಲಿ ಮಾಡಿ ನೋಡಬೇಕು ಎಂದುಕೊಂಡೆ. ತಂಗಿ ಗದರಿದಳು, "ಇಲ್ಲಿಗೂ ಅಡಿಗಿಮನಿ ಹೊತಗೊಂಡು ಬಂದಿ?"

ಕ್ಯಾಂಡಿ ಕಡೆಯ ಒಂದು ಸಣ್ಣ ಊರಿನಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಕೋಣೆ ಸಿಕ್ಕಿತ್ತು. ಆ ಹೆಂಗಸಿಗೆ ನನ್ನದೇ ವಯಸ್ಸು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ನಡುವೆ ತಂಗಿಯ ಇಂಗ್ಲಿಷು. ಹಬ್ಬದ ದಿನ ನಸುಕಿನಲ್ಲೇ ಅವಳು ಅಡುಗೆಮನೆ ತೊಳೆದು, ಒಲೆಯ ಬೂದಿ ಪೂರಾ ತೆಗೆದಳು. ಬೆಳಗಿನ ಊಟ ಮುಗಿಸಿದೆವು. ಆಮೇಲೆ ಊರಿನಲ್ಲಿ ಪಟಾಕಿ ಹಾರಿತು. ಕೆಲಸ ಬಿಡುವ ಹೊತ್ತು ಶುರುವಾಯಿತು ಎಂದು ಅರ್ಥ. ಎಲ್ಲ ಬಿಳಿ ಬಟ್ಟೆಯಲ್ಲಿ ಊರಿನ ಬೌದ್ಧ ವಿಹಾರಕ್ಕೆ ಹೋಗಿ ಬಂದು ಜಗಲಿಯಲ್ಲಿ ಕೂತೆವು.

ಕೂರುವುದು ಎಷ್ಟು ಕಷ್ಟ ಅಂತೀರಿ. ಅಂಗಳದ ಹಲಸಿನ ಮರದಿಂದ ಎಲೆ ಬೀಳುತ್ತಿದ್ದವು. ಗೋಡೆಗೆ ತೆಂಗಿನ ಕಡ್ಡಿಯ ಕಸಬರಿಗೆ ಒರಗಿತ್ತು. ನಾನು ಯಾವಾಗ ಎದ್ದೆನೋ, ಯಾವಾಗ ಅದನ್ನು ಹಿಡಿದೆನೋ. ಅರ್ಧ ಅಂಗಳ ಗುಡಿಸಿದ್ದೆ. ಆ ಹೆಂಗಸು ಓಡಿ ಬಂದು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡು ಬೆನ್ನ ಹಿಂದೆ ಅಡಗಿಸಿದಳು. ಏನೋ ಹೇಳಿದಳು. ಅವಳ ಗಂಡ ಕುರ್ಚಿಯಲ್ಲಿ ಕೂತೇ ನಕ್ಕರು.

"ಏನಂದ್ಲು?"

"ಈ ಹೊತ್ತಿನಾಗ ಕಸಾ ಗುಡಿಸಿದ್ರ ವರ್ಷಪೂರ್ತಿ ಗುಡಸ್ತಾನೇ ಇರಬೇಕಾಗತೈತಂತ," ಎಂದಳು ತಂಗಿ.

"ಅದಕ್ಕ ನನ್ನ ಜಾತಕ ನೋಡೂದು ಬ್ಯಾಡ ಅಂತ ಹೇಳು."

ತಂಗಿ ಅದನ್ನು ಹೇಗೆ ಹೇಳಿದಳೋ, ಆ ಹೆಂಗಸು ನಗುತ್ತಾ ನನ್ನ ಮೊಣಕೈ ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಮತ್ತೆ ಏಳದ ಹಾಗೆ ಕೈ ಹಿಡಿದೇ ಇದ್ದಳು.

ಆಗ ಮನೆಯಿಂದ ಫೋನು ಬಂತು. ಯಜಮಾನರು. ಹಿಂದೆ ಮೈದುನನ ಗದ್ದಲ.

"ಕಾಯಿ ಬಂದಾವ. ಹೋಳು ಮಾಡಿಸಿಕೊಂಡೇ ಬಂದಾನ. ಉಪ್ಪು ಎಷ್ಟು ಹಾಕೂದು ಹೇಳು, ಅಷ್ಟೇ. ಮುಂದಿಂದು ನೀ ಬಂದ ಮ್ಯಾಲ ಮಾಡೀಯಂತ."

ನಾನಿಲ್ಲವೆಂದು ಗೊತ್ತಿದ್ದೂ ಹೋಳು ಮಾಡಿಸಿ ತಂದಿದ್ದಾನೆ. ಹೋಳು ಮಾಡಿದ ಕಾಯಿ ಕಾಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತು.

"ಅತ್ತಿಯವರು ಅಲ್ಲೇ ಅದಾರಲ್ರಿ. ನನಗ ಕಲಿಸಿದವರೇ ಅವರು. ಅವರನ್ನ ಕೇಳ್ರಿ."

"ಅವ್ವ ಬಾಯಿ ಬಿಡವಲ್ಲಳು. ನೀನೇ ಹೇಳು. ಒಂದು ಮಾತು."

ತಂಗಿ ಪಿಸುಗುಟ್ಟಿದಳು, "ಹೇಳಿಬಿಡು ಅಕ್ಕಾ, ಹೇಳೂದೇನು ಕೆಲಸ ಅಲ್ಲ." ಹೌದೇ ಎಂದು ನನಗೂ ಅನುಮಾನ ಬಂತು. ಕೇಳಿ ನೋಡು ಅಂದೆ. ತಂಗಿ ಕೇಳಿದಳು. ಆ ಹೆಂಗಸು ಹಿಡಿದಿದ್ದ ಕೈಯನ್ನು ಬಿಡದೆ, ಫೋನಿನ ಕಡೆ ಗದ್ದ ತೋರಿಸಿ, ನಿಧಾನವಾಗಿ ಹೇಳಿದಳು. ಫೋನಿನಲ್ಲಿ ಮಾಡಿದರೂ ಅದು ಅಡುಗೆಯೇ ಅಂತೆ, ಎಂದಳು ತಂಗಿ.

"ಈಗ ಹೇಳೂದಿಲ್ರಿ," ಅಂದೆ. "ಇಲ್ಲಿ ಯಾರೂ ಕೆಲಸ ಮಾಡೂ ಹೊತ್ತಲ್ಲ ಇದು."

"ನೀ ಅಲ್ಲಿಯಾಕಿ ಅಲ್ಲ."

"ಇವತ್ತು ಹೌದ್ರಿ."

ಫೋನು ಬಂದ್ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಆ ಹೋಳುಗಳ ಅಂಚು ಕಪ್ಪಾಗುವುದು ಸಮುದ್ರ ದಾಟಿ ಕಣ್ಣಿಗೆ ಕಟ್ಟುತ್ತಿತ್ತು. ಆದರೂ ಕೂತೆ. ಮಧ್ಯಾಹ್ನದ ತನಕ ಕೂತೆ. ಅವಳ ಗಂಡನೂ ಹಸಿದೇ ಕೂತಿದ್ದರು. ಒಳಗೆ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಬದುಕಿನಲ್ಲಿ ಹಸಿದ ಗಂಡಸು ಅಡುಗೆಮನೆಯ ಕಡೆ ತಿರುಗಿ ನೋಡದೆ ಕೂತದ್ದನ್ನು ಕಂಡದ್ದು ಅಲ್ಲಿಯೇ.

ಮತ್ತೆ ಪಟಾಕಿ ಹಾರಿದಾಗ ಒಲೆ ಹಚ್ಚುವ ಹೊತ್ತು. ಜೋಯಿಸರು ಹೇಳಿದ ಆ ಒಂದೇ ಗಳಿಗೆಯಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಎಲ್ಲ ಮನೆಗಳಲ್ಲೂ ಒಲೆ ಹಚ್ಚುತ್ತಾರೆ. ಆ ವರ್ಷ ದಕ್ಷಿಣ. ಹೊಸ ಮಣ್ಣಿನ ಗಡಿಗೆಯಲ್ಲಿ ಹಾಲು ಉಕ್ಕಿಸಿದರು. ಓಣಿಯಿಂದ ಓಣಿಗೆ ಹೊಗೆ ಏಳುವುದನ್ನು ನಾನು ಅಂಗಳದಲ್ಲಿ ನಿಂತು ನೋಡಿದೆ. ಸಂಜೆ ಹೆಂಗಸರು ಒಂದು ದೊಡ್ಡ ಚರ್ಮದ ವಾದ್ಯದ ಸುತ್ತ ಕೂತು ಬಡಿದರು. ನನಗೂ ಬಡಿಯಲು ಕೊಟ್ಟರು. ಅಂಗೈ ಉರಿಯುವಷ್ಟು ಬಡಿದೆ.

ಮನೆಗೆ ಬಂದು ಭರಣಿಯ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು. ಅಣ್ಣ ತಮ್ಮ ಇಬ್ಬರೂ ಸೇರಿ ಹೋಳು ಒರೆಸದೆ, ಅಂದಾಜಿನಲ್ಲಿ ಉಪ್ಪು ಎಸೆದು ಮುಚ್ಚಿಟ್ಟಿದ್ದರು. ಯಜಮಾನರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಅಯ್ಯೋ ಅನ್ನಲಿ ಎಂದು ಕಾಯುತ್ತಿದ್ದರು ಅನ್ನಿಸಿತು. ಭರಣಿಯನ್ನು ಅವರ ಕೈಗೆ ಕೊಟ್ಟು, "ಚೆಲ್ಲಿ, ಬಿಸಿನೀರಾಗ ತೊಳದು, ಬಿಸಿಲಿಗೆ ಬೋರಲು ಹಾಕ್ರಿ," ಅಂದೆ. ಹಾಕಿದರು.

ಅತ್ತೆಯವರನ್ನು ಕೇಳಿದೆ, "ಉಪ್ಪು ಎಷ್ಟು ಅಂತ ನೀವರೆ ಹೇಳಬಾರದಾಗಿತ್ತೇನ್ರಿ?"

"ನಾ ಯಾಕ ಹೇಳಲಿ? ನನ್ನ ಅಡಿಗಿಮನ್ಯಾಗ ಆಡಿ ಬೆಳದ ಗಂಡಸ್ರು, ಕಲೀಬೇಕಂದ್ರ ಇಷ್ಟು ದಿನ ಕಣ್ಣು ಇರಲಿಲ್ಲೇನು ಅವರಿಗೆ? ಅಲ್ಲಿ ನೀ ಕೈ ಕಟ್ಟಿ ಕೂತಿ. ಇಲ್ಲಿ ನಾ ಬಾಯಿ ಕಟ್ಟಿ ಕೂತೆ." ಕಾಲು ಚಾಚಿಕೊಂಡು ಕೇಳಿದರು, "ಖರೇನೇ ಇಡೀ ದೇಶ ಒಲಿ ಆರಸ್ತಾರೇನು?"

"ಹೌದ್ರಿ."

"ಗಂಡಸ್ರು ಕೇಳೂದಿಲ್ಲ?"

"ಕೇಳೂದಿಲ್ರಿ."

"ದಕ್ಷಿಣಕ್ಕ ಮಾರಿ ಮಾಡಿ ಹಚ್ತಾರಂದಿ. ಅದೊಂದು ಸರಿ ಇಲ್ಲ," ಎಂದರು. ಉಳಿದದ್ದೆಲ್ಲ ಸರಿ ಎಂದು ನಾನು ತಿಳಿದುಕೊಂಡೆ.

ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇರಲಿಲ್ಲ. ಮೊಸರನ್ನಕ್ಕೆ ಹಸಿ ಮೆಣಸಿನಕಾಯಿ ಕಚ್ಚಿಕೊಂಡು ಉಂಡೆವು. ಯಾರೂ ಸೊರಗಲಿಲ್ಲ. ಮೇ ತಿಂಗಳಲ್ಲಿ ಬಜಾರಿನ ತುಂಬ ಕಾಯಿ ಇದ್ದವು, ನಾನು ಅವುಗಳ ಪಕ್ಕದಲ್ಲೇ ಹಾದು ಬದನೆಕಾಯಿ ತಂದೆ. ಮೈದುನ ಫೋನು ಮಾಡಿದ.

"ವೈನಿ, ಗಿಡದಾಗ ಇನ್ನೂ ಸ್ವಲ್ಪ ಕಾಯಿ ಅದಾವ. ಒಂದು ಚೀಲ ತರ್ಲೇನ್ರಿ?"

"ತಾ. ಹೋಳು ಮಾಡಿಸಿ, ಒರಸಿ, ಉಪ್ಪು ಹಚ್ಚಿಕೊಂಡು ತಾ. ಮಾಡಾಕ ಬರದಿದ್ರ ಬಂದು ಕೂಡು, ಕಲಿಸ್ತೀನಿ."

ನೋಡ್ತೀನ್ರಿ ಅಂದ. ಇನ್ನೂ ನೋಡುತ್ತಿದ್ದಾನೆ. ನಾನು ಮುಂದಿನ ಏಪ್ರಿಲ್ಲಿಗೆ ತಂಗಿಯ ಜೊತೆ ಟಿಕೆಟ್ಟು ತೆಗೆಸಿದ್ದೇನೆ.